ಆ ನಾಲ್ಕು ಜನ ಯಾರು?



ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರದಿಂದ ಹಿಡಿದು ಹೆಣ ಎತ್ತುವವರೆಗೆ ಎಲ್ಲ ಮಾತಿನ ಕೊನೆಗೂ ಒಂದು ಪ್ರಶ್ನೆ ಬಂದು ಕೂರುತ್ತದೆ. "ನಾಲ್ಕು ಜನ ಏನಂತಾರೆ?" ಛತ್ರ ಬೇಡ, ಮನೆ ಮುಂದೆ ಚಪ್ಪರ ಹಾಕಿ ಮದುವೆ ಮಾಡೋಣ ಎಂದರೆ ನಾಲ್ಕು ಜನ ಏನಂತಾರೆ. ಗಂಡಿನ ಕಡೆಯವರು ಕೇಳಿದ ಬೈಕು ಕೊಡುವುದಿಲ್ಲ ಎಂದರೆ ನಾಲ್ಕು ಜನ ಏನಂತಾರೆ. ಹೊಡೆತ ತಾಳಲಾರದೆ ಮಗಳು ತವರಿಗೆ ಬಂದು ಎರಡು ತಿಂಗಳು ಕೂತರೆ ನಾಲ್ಕು ಜನ ಏನಂತಾರೆ. ಇನ್ನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರಂತೂ ಕೇಳುವುದೇ ಬೇಡ.

ವರದಕ್ಷಿಣೆ ಕಿರುಕುಳದ ದೂರುಗಳಲ್ಲಿ ಗಂಡ, ಅತ್ತೆ, ಮಾವ, ಮೈದುನ, ನಾದಿನಿ ಇವರ ಹೆಸರುಗಳಿರುತ್ತವೆ. ಈ ನಾಲ್ಕು ಜನರ ಹೆಸರು ಯಾವ ದೂರಿನಲ್ಲೂ ಬಂದದ್ದನ್ನು ನಾನು ಕಂಡಿಲ್ಲ. ಯಾವ ಕೋರ್ಟೂ ಇವರಿಗೆ ಸಮನ್ಸ್ ಕಳಿಸಿಲ್ಲ. ಆದರೂ ಮಾತುಕತೆಯ ದಿನ ಜಮಖಾನದ ಮೇಲೆ ಇವರು ಕೂತಿರುತ್ತಾರೆ. ರಾತ್ರಿ ಪಕ್ಕದ ಮನೆಯಿಂದ ಅಳುವ ಸದ್ದು ಕೇಳಿದಾಗ ಬಾಗಿಲು ಹಾಕಿಕೊಂಡವರೂ ಇವರೇ. ಈ ಸಂಚಿಕೆಯಲ್ಲಿ ಆ ನಾಲ್ಕು ಜನರನ್ನು ಹುಡುಕೋಣ ಎಂದು ನನ್ನ ಆಸೆ.

ನಿಮ್ಮಲ್ಲಿ ಕೆಲವರ ಮಕ್ಕಳು ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುತ್ತಿರಬಹುದು. ಅದರ ಮೊದಮೊದಲ ಪಾಠಗಳಲ್ಲೇ ಗುಂಪು, ಅನುಸರಣೆ, ವಿಚಲನೆ, ಅಪರಾಧ ಎಂಬ ನಾಲ್ಕು ಮಾತು ಬರುತ್ತವೆ. ಕೇಳಲು ಪುಸ್ತಕದ ಮಾತು ಎನ್ನಿಸಿದರೂ ನಮ್ಮ ಅಡುಗೆಮನೆಯಿಂದ ಠಾಣೆಯವರೆಗೆ ಇವುಗಳದ್ದೇ ಆಟ.

ಬಸ್ ಸ್ಟ್ಯಾಂಡಿನಲ್ಲಿ ನಿಂತ ಐವತ್ತು ಜನರನ್ನು ಸಮಾಜಶಾಸ್ತ್ರ ಗುಂಪು ಎಂದು ಕರೆಯುವುದಿಲ್ಲ. ಬಸ್ಸು ಬಂದರೆ ಅವರು ಚದುರಿ ಹೋಗುತ್ತಾರೆ. "ನಾವು" ಎಂದು ಹೇಳಿಕೊಳ್ಳುವವರು, ಒಬ್ಬರಿಂದ ಒಬ್ಬರು ಇಂಥದ್ದನ್ನೇ ನಿರೀಕ್ಷಿಸುವವರು, ಅವರೇ ಗುಂಪು. ಮನೆ, ಮಕ್ಕಳ ಆಟದ ಜೊತೆ, ನೆರೆಹೊರೆ ಇವನ್ನು ಅಮೆರಿಕದ ಚಾರ್ಲ್ಸ್ ಕೂಲಿ 1909ರಲ್ಲಿ ಪ್ರಾಥಮಿಕ ಗುಂಪುಗಳೆಂದು ಕರೆದ. ನಾವು ಮನುಷ್ಯರಾಗುವುದು ಇಲ್ಲಿಯೇ. ಹಾಗೆಯೇ ಹೆದರುವುದನ್ನು ಕಲಿಯುವುದೂ ಇಲ್ಲಿಯೇ.

ಗುಂಪು ಹೇಳಿದಂತೆ ನಡೆಯುವುದಕ್ಕೆ ಅನುಸರಣೆ ಎಂದು ಹೆಸರು. ಈ ಪದವನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಹೆಣ್ಣುಮಕ್ಕಳಿಗೆ ತವರಿನಲ್ಲಿ ಕಣ್ಣೀರು ಒರೆಸಿ ಹೇಳಿ ಕಳಿಸುವ ಮಾತು: "ಏನೋ ಅನುಸರಿಸಿಕೊಂಡು ಹೋಗಮ್ಮ." ಪಂಡಿತರು ಪುಸ್ತಕದಲ್ಲಿಟ್ಟ ಪದವನ್ನೇ ನಮ್ಮ ತಾಯಂದಿರು ಮಗಳ ಉಡಿಯಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿಯ ಜೊತೆ ಕಟ್ಟಿ ಕಳಿಸುತ್ತಿದ್ದಾರೆ. ಗಂಡನ ಕೈ ಮೇಲೆದ್ದರೂ, ಊಟಕ್ಕೆ ಕೂತವಳನ್ನು ಎಬ್ಬಿಸಿದರೂ ಅನುಸರಿಸಿಕೊಂಡು ಹೋಗು ಎನ್ನುತ್ತಾರೆ. ಹುಡುಗನಿಗೆ ಈ ಮಾತು ಹೇಳಿದ್ದನ್ನು ನೀವು ಎಲ್ಲಿಯಾದರೂ ಕೇಳಿದ್ದೀರಾ?

ಗುಂಪಿನ ಒತ್ತಡ ಎಷ್ಟು ಬಲವಾದದ್ದು ಎಂಬುದನ್ನು ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಪರೀಕ್ಷೆ ಮಾಡಿ ತೋರಿಸಿದ. ಒಂದು ಕಾರ್ಡಿನ ಮೇಲೆ ಒಂದು ಗೆರೆ. ಇನ್ನೊಂದು ಕಾರ್ಡಿನ ಮೇಲೆ ಉದ್ದ, ಗಿಡ್ಡ ಮೂರು ಗೆರೆ. ಮೊದಲ ಗೆರೆಯಷ್ಟೇ ಉದ್ದ ಇರುವುದು ಈ ಮೂರರಲ್ಲಿ ಯಾವುದು ಎಂದು ಹೇಳಬೇಕು. ಮಗುವೂ ಹೇಳಬಲ್ಲ ಉತ್ತರ. ಆದರೆ ಕೋಣೆಯಲ್ಲಿ ಕೂತ ಕಾಲೇಜು ಹುಡುಗರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಮೊದಲೇ ಹೇಳಿಕೊಟ್ಟವರು. ಅವರು ಒಬ್ಬೊಬ್ಬರಾಗಿ ತಪ್ಪು ಉತ್ತರವನ್ನೇ ಹೇಳುತ್ತಾ ಬಂದರು. ಕೊನೆಗೆ ಆ ಒಬ್ಬನ ಸರದಿ. ಹೀಗೆ ಪರೀಕ್ಷೆಗೊಳಗಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಂದು ಸಲವಾದರೂ ತಮ್ಮ ಕಣ್ಣನ್ನೇ ನಂಬದೆ ಗುಂಪಿನ ತಪ್ಪು ಉತ್ತರವನ್ನೇ ಹೇಳಿದರು. ಯಾರೂ ಅವರನ್ನು ಹೊಡೆದಿರಲಿಲ್ಲ, ಬೈದಿರಲಿಲ್ಲ. ಒಂಟಿಯಾಗುವ ಭಯವೇ ಸಾಕಾಗಿತ್ತು.

ಆ ಪರೀಕ್ಷೆಯಲ್ಲಿ ನಮಗೆ ಬೇಕಾದ ಇನ್ನೆರಡು ಸಂಗತಿಗಳಿವೆ. ಎದುರು ನಿಂತವನು ಒಬ್ಬನೇ ಆದರೆ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ. ಮೂವರಾದರೆ ಒತ್ತಡ ಹೆಚ್ಚುಕಡಿಮೆ ಪೂರ್ತಿ. ಅದಕ್ಕಿಂತ ಹೆಚ್ಚು ಜನರನ್ನು ಸೇರಿಸಿದರೂ ಅದು ಅಷ್ಟೇನೂ ಏರಲಿಲ್ಲ. ನಮ್ಮ ಹಿರಿಯರು ಯಾವ ಪರೀಕ್ಷೆಯೂ ಇಲ್ಲದೆ "ನಾಲ್ಕು ಜನ" ಎಂದು ಲೆಕ್ಕ ಹಾಕಿದ್ದು ಸುಮ್ಮನೆ ಅಲ್ಲ! ಇಡೀ ಊರು ಬೇಕಾಗಿಲ್ಲ, ಮೂರು ನಾಲ್ಕು ಬಾಯಿ ಸಾಕು. ಎರಡನೆಯ ಸಂಗತಿ ಇನ್ನೂ ದೊಡ್ಡದು. ಆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿ ಜೊತೆ ಕೊಟ್ಟರೆ ಒಂಟಿ ಹುಡುಗನ ಹೆದರಿಕೆ ಬಹುಪಾಲು ಬಿಟ್ಟುಹೋಗುತ್ತಿತ್ತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ವರದಕ್ಷಿಣೆಗೆ ಬರೋಣ. "ಇದು ಹಿಂದಿನಿಂದ ಬಂದ ಪದ್ಧತಿ, ನಾವು ಮೀರಲಾಗುತ್ತದೆಯೇ?" ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ನಿಮ್ಮ ಊರಿನ ಅತ್ಯಂತ ಹಿರಿಯ ಅಜ್ಜಿಯನ್ನು ಕೇಳಿ ನೋಡಿ. ನಮ್ಮ ನಾಡಿನ ಅನೇಕ ಸಮುದಾಯಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ಕಡೆಗೆ 'ತೆರ' ಕಟ್ಟುತ್ತಿದ್ದರು. ತೆರ ದೊಡ್ಡ ನ್ಯಾಯವೇನೂ ಆಗಿರಲಿಲ್ಲ, ಅದೂ ಹೆಣ್ಣಿಗೆ ಬೆಲೆ ಕಟ್ಟಿದ್ದೇ. ಆದರೆ ಹಣ ಹರಿಯುತ್ತಿದ್ದ ದಿಕ್ಕು ಬೇರೆಯಾಗಿತ್ತು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1942ರಲ್ಲೇ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಬಗ್ಗೆ ಪುಸ್ತಕ ಬರೆದವರು. 1980ರ ದಶಕದಲ್ಲಿ ವರದಕ್ಷಿಣೆಯನ್ನೇ ವಿಷಯವಾಗಿಟ್ಟುಕೊಂಡು ಬರೆದಾಗ ಅವರು ಸ್ಪಷ್ಟವಾಗಿ ವಾದಿಸಿದ್ದು, ದಕ್ಷಿಣ ಭಾರತದ ಇಂದಿನ ವರದಕ್ಷಿಣೆ ಹಳೆಯ ಸಂಪ್ರದಾಯವಲ್ಲ ಎಂದು. ಬ್ರಿಟಿಷರ ಕಾಲದಲ್ಲಿ ಹಣದ ವ್ಯವಹಾರ ಬೆಳೆದು, ಇಂಗ್ಲಿಷ್ ಓದು, ಸಂಬಳದ ನೌಕರಿ ಬಂದ ಮೇಲೆ ಅಂಥ ಹುಡುಗರಿಗೆ ಬೆಲೆ ಏರಿತು. ಮೇಲಿನವರನ್ನು ನೋಡಿ ಉಳಿದವರೂ ಅದನ್ನೇ ಮರ್ಯಾದೆ ಎಂದುಕೊಂಡರು. ತೆರ ಹೋಯಿತು, ವರೋಪಚಾರ ಬಂತು. ಉತ್ತರ ಕರ್ನಾಟಕದ ಕಡೆ ಹುಂಡಾ ಬಂತು. ಅಂದರೆ ಇದು ಬದಲಾಗುವ ಪದ್ಧತಿ. ಒಮ್ಮೆ ದಿಕ್ಕು ಬದಲಾಯಿಸಿದ್ದು ಇನ್ನೊಮ್ಮೆ ಬದಲಾಗಲಾರದೇ?

ವಿಲಿಯಂ ಗ್ರಹಾಂ ಸಮ್ನರ್ ಎಂಬಾತ 1906ರಲ್ಲಿ ಜನರ ರೂಢಿಗಳನ್ನು ಎರಡಾಗಿ ವಿಂಗಡಿಸಿದ. ಕೆಲವು ಲೋಕರೂಢಿಗಳು. ಮೀರಿದರೆ ಜನ ನಗುತ್ತಾರೆ, ಅಷ್ಟೇ. ಇನ್ನು ಕೆಲವು ನೈತಿಕ ನಿಯಮಗಳು. ಮೀರಿದರೆ ಗುಂಪು ಸಹಿಸುವುದಿಲ್ಲ, ಹೊರಗೆ ಹಾಕುತ್ತದೆ. ಒಂದೆರಡು ಜಾತಿಗಳ ಉಳ್ಳವರ ಮನೆಯ ಲೋಕರೂಢಿಯಾಗಿದ್ದ ವರದಕ್ಷಿಣೆ ನಮ್ಮ ಕಣ್ಣೆದುರೇ ಎಲ್ಲ ಜಾತಿ, ಎಲ್ಲ ಧರ್ಮಗಳ ನೈತಿಕ ನಿಯಮದಂತೆ ಆಗಿಹೋಗಿದೆ. ಕೂಲಿ ಮಾಡುವ ಮನೆಯಲ್ಲೂ ಹುಡುಗನಿಗೆ ಉಂಗುರ, ಬಟ್ಟೆ, ಬೈಕು ಎಂಬ ಪಟ್ಟಿ ಬಂದಿದೆ.

ಇಲ್ಲಿಯೇ ಒಂದು ವಿಚಿತ್ರವನ್ನು ಗಮನಿಸಬೇಕು. ಗುಂಪಿನ ನಿಯಮ ಮೀರುವುದಕ್ಕೆ ವಿಚಲನೆ ಎನ್ನುತ್ತಾರೆ. ದೇಶದ ಕಾನೂನು ಮೀರುವುದು ಅಪರಾಧ. ಸಾಮಾನ್ಯವಾಗಿ ಇವೆರಡೂ ಜೊತೆಯಲ್ಲಿ ನಡೆಯುತ್ತವೆ. ಕಳ್ಳತನ ಅಪರಾಧವೂ ಹೌದು, ಊರು ಒಪ್ಪದ ನಡತೆಯೂ ಹೌದು. ಆದರೆ ವರದಕ್ಷಿಣೆಯಲ್ಲಿ ಲೆಕ್ಕ ತಲೆಕೆಳಗಾಗಿದೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಇಂದಿಗೂ ಆ ಕಾಯ್ದೆಯ ಪ್ರಕಾರ ವರದಕ್ಷಿಣೆ ತೆಗೆದುಕೊಂಡವರಿಗೆ ಸಾಮಾನ್ಯವಾಗಿ 5 ವರ್ಷಕ್ಕೆ ಕಡಿಮೆಯಿಲ್ಲದ ಜೈಲು, 15,000 ರೂಪಾಯಿ ಅಥವಾ ವರದಕ್ಷಿಣೆಯ ಮೌಲ್ಯ ಇದರಲ್ಲಿ ಯಾವುದು ಹೆಚ್ಚೋ ಅಷ್ಟಕ್ಕೆ ಕಡಿಮೆಯಿಲ್ಲದ ದಂಡ. ಬರೀ ಕೇಳಿದರೂ 6 ತಿಂಗಳಿನಿಂದ 2 ವರ್ಷದವರೆಗೆ ಜೈಲು. ಹೀಗಿದ್ದೂ, ಅಪರಾಧ ಮಾಡಿದವನ ಮದುವೆಗೆ ನಾವು ಮುಯ್ಯಿ ತೆಗೆದುಕೊಂಡು ಹೋಗಿ ಅಕ್ಷತೆ ಹಾಕಿ, ಊಟ ಮಾಡಿ ಬರುತ್ತೇವೆ. ಕಾನೂನು ಪಾಲಿಸುತ್ತೇನೆ, ಕೊಡುವುದಿಲ್ಲ ಎಂದ ಅಪ್ಪನಿಗೆ ಜಿಪುಣ ಎಂದು ಹೆಸರು. ವರದಕ್ಷಿಣೆ ಬೇಡ ಎಂದ ಹುಡುಗನ ಬಗ್ಗೆ "ಏನೋ ಐಬಿರಬೇಕು, ಅದಕ್ಕೇ ಹೀಗೆ" ಎಂಬ ಗುಸುಗುಸು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂಬ ಗಾದೆಯಲ್ಲಿ, ಕಾನೂನಿನ ದಾರಿಯಲ್ಲಿ ನಡೆಯುವವನೇ ಎಡವಟ್ಟ!

ಹೋವರ್ಡ್ ಬೆಕರ್ ಎಂಬ ಸಮಾಜಶಾಸ್ತ್ರಜ್ಞ 1963ರಲ್ಲಿ ಬರೆದ ಪುಸ್ತಕವೊಂದರ ತಿರುಳು ಇದೇ. ದಾರಿ ತಪ್ಪಿದವರು ಎಂಬುದು ಅವರ ಕೆಲಸದೊಳಗೆ ಹುಟ್ಟುವ ಗುಣವಲ್ಲ, ಉಳಿದವರು ಅಂಟಿಸುವ ಹಣೆಪಟ್ಟಿ. ಯಾರಿಗೆ ಪಟ್ಟಿ ಅಂಟಿಸುವ ಅಧಿಕಾರ ಇದೆಯೋ ಅವರು ಹೇಳಿದ್ದೇ ದಾರಿ. ನಮ್ಮ ಹೆಣ್ಣುಮಕ್ಕಳಿಗೆ ಅಂಟಿರುವ ಪಟ್ಟಿಗಳನ್ನು ಒಮ್ಮೆ ಎಣಿಸಿ. ಎದುರು ಮಾತಾಡಿದರೆ ಬಜಾರಿ. ಗಟ್ಟಿಯಾಗಿ ಕೇಳಿದರೆ ಗಯ್ಯಾಳಿ. ದೂರು ಕೊಟ್ಟರೆ ಮನೆಮುರುಕಿ. ಗಂಡನನ್ನು ಬಿಟ್ಟು ಬಂದರೆ ಗಂಡ ಬಿಟ್ಟವಳು. ಆದರೆ ಹೆಂಡತಿಯನ್ನು ಹೊಡೆಯುವವನಿಗೆ, ವರದಕ್ಷಿಣೆ ತಿಂದವನಿಗೆ ಊರು ಇಟ್ಟ ಹೆಸರೇನು? ನಾನು ಹುಡುಕಿದೆ, ಅಂಥ ಒಂದು ಪದ ನಮ್ಮ ಬಾಯಲ್ಲಿ ಓಡಾಡುತ್ತಿಲ್ಲ. ಅವನು ಇಂದಿಗೂ ಅಳಿಯಂದಿರೇ.

ಅಪರಾಧಿ ಎಂದಾಗ ನಮ್ಮ ಕಣ್ಣಿಗೆ ಬರುವುದು ಹರಿದ ಅಂಗಿಯ ಜೇಬುಗಳ್ಳ. ಎಡ್ವಿನ್ ಸದರ್ಲೆಂಡ್ ಎಂಬ ವಿದ್ವಾಂಸ 1939ರಲ್ಲಿ ಇದನ್ನು ಪ್ರಶ್ನಿಸಿದ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಗೌರವಸ್ಥರು ತಮ್ಮ ಉದ್ಯೋಗದ ಮರೆಯಲ್ಲಿ ಮಾಡುವ ಅಪರಾಧ ಲೆಕ್ಕಕ್ಕೇ ಸಿಗುವುದಿಲ್ಲ ಎಂದ. ಅವನು ಹೇಳಿದ್ದು ವ್ಯಾಪಾರಿಗಳ, ಕಂಪನಿಗಳ ಮೋಸದ ಬಗ್ಗೆ. ಆದರೆ ಗೌರವದ ಮರೆಯಲ್ಲಿ ಅಪರಾಧ ಅಡಗುತ್ತದೆ ಎಂಬ ಮಾತು ನಮ್ಮ ಮಾತುಕತೆಯ ಜಮಖಾನಕ್ಕೂ ಸಲ್ಲುತ್ತದೆ. ಅಲ್ಲಿ ಕೂತು ರೇಟು ಹೇಳುವವರು ಮೇಷ್ಟ್ರು, ಇಂಜಿನಿಯರು, ಸರ್ಕಾರಿ ನೌಕರರು, ಊರ ಮುಖಂಡರು.

ಹೊಡೆತದ ವಿಷಯದಲ್ಲೂ ಇದೇ ಕತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ 100ಕ್ಕೆ ಸುಮಾರು 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಇಡೀ ದೇಶದ ಲೆಕ್ಕ 100ಕ್ಕೆ ಸುಮಾರು 29. ಅದೇ ಸಮೀಕ್ಷೆ ಇನ್ನೊಂದು ಪ್ರಶ್ನೆಯನ್ನೂ ಕೇಳಿತ್ತು. ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ, ಎದುರು ವಾದಿಸಿದರೆ, ಅಡುಗೆ ಕೆಟ್ಟರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ, ಹಾಸಿಗೆಗೆ ಒಲ್ಲೆ ಎಂದರೆ, ಶೀಲದ ಮೇಲೆ ಶಂಕೆ ಬಂದರೆ, ಈ ಏಳರಲ್ಲಿ ಯಾವುದಾದರೂ ಒಂದಕ್ಕೆ ಗಂಡ ಹೊಡೆಯುವುದು ಸರಿಯೇ ಎಂದು. ಸರಿ ಎಂದವರು ನಮ್ಮ ರಾಜ್ಯದ ಗಂಡಸರಲ್ಲಿ 100ಕ್ಕೆ ಸುಮಾರು 82. ಹೆಂಗಸರಲ್ಲಿ ಸುಮಾರು 77.

ಗೆಳತಿಯರೇ, ಈ ಎರಡನೆಯ ಅಂಕಿಯ ಮುಂದೆ ಸ್ವಲ್ಪ ನಿಲ್ಲಿ. ಹೊಡೆಸಿಕೊಳ್ಳುವವರೇ ಹೊಡೆತ ಸರಿ ಎನ್ನುತ್ತಿದ್ದಾರೆ. ಇವರು ದಡ್ಡಿಯರೇ? ಅಲ್ಲವೇ ಅಲ್ಲ. ಎಲ್ಲರೂ ಗಿಡ್ಡ ಗೆರೆಯನ್ನೇ ಉದ್ದ ಎನ್ನುವ ಕೋಣೆಯಲ್ಲಿ ಹುಟ್ಟಿ ಬೆಳೆದವರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಹೇಳಿತು, ಅಮ್ಮ ಹೇಳಿದಳು, ಅತ್ತೆ ಹೇಳಿದಳು, ಪಂಚಾಯ್ತಿ ಕಟ್ಟೆಯೂ ಹೇಳಿತು. ದೇಶದಲ್ಲಿ ಹಿಂಸೆ ಅನುಭವಿಸಿದ ಹೆಂಗಸರಲ್ಲಿ 100ಕ್ಕೆ 77 ಮಂದಿ ಯಾರ ನೆರವನ್ನೂ ಕೇಳಲಿಲ್ಲ, ಯಾರ ಹತ್ತಿರವೂ ಬಾಯಿ ಬಿಡಲಿಲ್ಲ ಎನ್ನುತ್ತದೆ ಅದೇ ಸಮೀಕ್ಷೆ. ಈ ಮೌನದ ಕೊನೆ ಎಲ್ಲಿ ಎಂಬುದೂ ಲೆಕ್ಕದಲ್ಲಿದೆ. 2022ರಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವಿನ ಪ್ರಕರಣಗಳು 6,400ಕ್ಕೂ ಹೆಚ್ಚು. ದಿನಕ್ಕೆ ಹದಿನೇಳಕ್ಕಿಂತ ಹೆಚ್ಚು. ಆಕಸ್ಮಿಕ ಎಂದು ಬರೆದು ಮುಚ್ಚಿದವು ಇದರಲ್ಲಿಲ್ಲ. 1979ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಮೋಚನಾ ಸಂಘಟನೆಯ ಹೆಂಗಸರು 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನವರೆಗೂ ಹೋಗಿ, ಸ್ಟೌ ಸಿಡಿದು ಸತ್ತಳು ಎಂಬ ಒಂದೇ ಕತೆ ಇಷ್ಟೊಂದು ಮನೆಗಳಲ್ಲಿ ಹೇಗೆ ನಡೆಯುತ್ತದೆ, ಅದೂ ಸೊಸೆಯರ ಕೈಯಲ್ಲೇ ಏಕೆ ಸಿಡಿಯುತ್ತದೆ ಎಂದು ಕೇಳಬೇಕಾಯಿತು.

ಹಾಗಾದರೆ ಆ ನಾಲ್ಕು ಜನ ಯಾರು? ದೂರದಲ್ಲಿ ಹುಡುಕಬೇಕಾಗಿಲ್ಲ. ವಾರದ ಸಭೆಯಲ್ಲಿ ಚಾಪೆಯ ಮೇಲೆ ಸುತ್ತಲೂ ನೋಡಿ. ಹತ್ತಿಪ್ಪತ್ತು ಹೆಂಗಸರು, "ನಾವು" ಎನ್ನುವವರು, ಒಬ್ಬರಿಂದೊಬ್ಬರು ನಿರೀಕ್ಷೆ ಇಟ್ಟುಕೊಂಡವರು. ಸಂಘವೂ ಒಂದು ಗುಂಪೇ. ಗುಂಪಿನ ಒತ್ತಡ ಹೇಗೆ ಕೆಲಸ ಮಾಡುತ್ತದೆ ಎಂಬುದು ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಸಾಲಕ್ಕೆ ಹೊಲ ಮನೆಯ ಅಡವಿಲ್ಲ, ಮಾತೇ ಅಡವು. ಕಂತು ತಪ್ಪಿದವಳ ಮನೆಗೆ ಎಲ್ಲರೂ ಸೇರಿ ಹೋಗಿ ಬಾಗಿಲಲ್ಲಿ ಕೂರುವುದುಂಟು. 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಆರಂಭಿಸಿದ್ದೂ, 2000ದಲ್ಲಿ ನಮ್ಮ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದದ್ದೂ ಈ ಶಕ್ತಿಯನ್ನು ನಂಬಿಯೇ. ಸಾಲ ವಸೂಲಿಗೆ ಇಷ್ಟು ಚೆನ್ನಾಗಿ ಕೆಲಸ ಮಾಡುವ ಗುಂಪು, ಹೊಡೆತ ನಿಲ್ಲಿಸಲು ಮಾತ್ರ "ಅದು ಅವರ ಮನೆ ವಿಷಯ" ಎಂದು ಎದ್ದುಹೋಗಬಹುದೇ? ಕಂತು ತಪ್ಪಿದರೆ ಮನೆ ವಿಷಯವಲ್ಲ, ಕೈ ಮುರಿದರೆ ಮನೆ ವಿಷಯ. ಇದು ಯಾವ ನ್ಯಾಯ?

ಒಂದು ಹಳ್ಳಿಯ ಸಂಘದ ಸಭೆಯಲ್ಲಿ ನಾನು ಕೂತಿದ್ದೆ. ಸದಸ್ಯೆಯೊಬ್ಬರು ಮಗಳ ಮದುವೆಗೆಂದು 50,000 ರೂಪಾಯಿ ಸಾಲ ಕೇಳಿದರು. "ಕೊಡ್ರವ್ವ, ಹೆಣ್ಣು ಮಗೀನ ಮದುವೆ, ಪುಣ್ಯದ ಕೆಲಸ" ಎಂದರು ಹಿರಿಯರೊಬ್ಬರು. ಎಲ್ಲರೂ ತಲೆಯಾಡಿಸಿದರು. ನಡಾವಳಿ ಪುಸ್ತಕ ತೆರೆದದ್ದೂ ಆಯಿತು. ಆಗ ಮೂಲೆಯಲ್ಲಿದ್ದ ಕಿರಿಯ ಸದಸ್ಯೆ, "ಅಕ್ಕ, ಬೇಜಾರು ಮಾಡ್ಕೋಬೇಡಿ, ಇದ್ರಲ್ಲಿ ಹುಡುಗನ ಕಡೆಗೆ ಹೋಗೋದೆಷ್ಟು?" ಎಂದಳು. ಸಭೆ ಗಪ್‌ಚಿಪ್. ಅವಳು ತಲೆ ತಗ್ಗಿಸಿಬಿಟ್ಟಳು. ಆ ಕ್ಷಣಕ್ಕೆ ಇನ್ನೊಬ್ಬರು, "ನಂಗೂ ಅದೇ ಕೇಳ್ಬೇಕು ಅಂತಿತ್ತು ಕಣಮ್ಮ" ಎಂದರು. ಅಷ್ಟೇ, ಒಬ್ಬೊಬ್ಬರ ಬಾಯೂ ಬಿಚ್ಚಿತು. ಮೂವತ್ತು ಸಾವಿರ ಹುಡುಗನ ಬೈಕಿಗೆ ಎಂಬುದು ಹೊರಬಂತು. ಒಂದು ವಾರ ಚರ್ಚೆ ನಡೆದು ಊಟಕ್ಕೆ, ಬಟ್ಟೆಗೆ ಮಾತ್ರ ಇಪ್ಪತ್ತು ಸಾವಿರ ಸಾಲ ಎಂದು ಠರಾವಾಯಿತು.

ಕತೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದು ಬರೆಯಲು ನನಗೂ ಆಸೆಯೇ. ಆದರೆ ಉಳಿದ ಮೂವತ್ತು ಸಾವಿರವನ್ನು ಆ ತಾಯಿ ಬೇರೆ ಕಡೆ ಬಡ್ಡಿಗೆ ತಂದರು. ಬೈಕು ಬಂತು, ಮದುವೆ ಆಯಿತು. ಒಂದು ಸಂಘ ಕೈ ಕಟ್ಟಿದರೆ ಊರಲ್ಲಿ ಇನ್ನು ಹತ್ತು ಕೈಗಳಿವೆ. ಆ ತಾಯಿಯನ್ನು ದೂರಿ ಫಲವಿಲ್ಲ. ಗುಂಪಿನ ಎದುರು ಒಂದು ಮನೆ ಒಂಟಿಯಾಗಿ ನಿಲ್ಲಲಾರದು. ಅದಕ್ಕೇ ನಾನು ಹೇಳುವುದು, ಇದು ಒಬ್ಬೊಬ್ಬರ ಧೈರ್ಯದ ಪ್ರಶ್ನೆಯಲ್ಲ. ಊರಿನ ಎಲ್ಲ ಸಂಘಗಳೂ, ಒಕ್ಕೂಟವೂ ಒಂದೇ ಮಾತು ಹೇಳಬೇಕು. ಹೆಣ್ಣಿನ ತಾಯಿಯ ಸಂಘವಷ್ಟೇ ಅಲ್ಲ, ಗಂಡಿನ ತಾಯಿಯ ಸಂಘವೂ ಹೇಳಬೇಕು. ಹೌದು, ಗಂಡು ಹೆತ್ತವರೂ ನಮ್ಮ ಸಂಘಗಳಲ್ಲೇ ಇದ್ದಾರೆ. ಮಗಳ ಮದುವೆಯಲ್ಲಿ ಅತ್ತು, ಮಗನ ಮದುವೆಯಲ್ಲಿ ಪಟ್ಟಿ ಕೊಡುವ ಕೈ ಒಂದೇ.

"ಅಲ್ಲಮ್ಮ, ಆಸ್ತಿಯಲ್ಲಿ ಪಾಲಿಲ್ಲ, ಹೀಗಾದರೂ ಮಗಳಿಗೆ ಏನಾದರೂ ಹೋಗಲಿ" ಎನ್ನುವವರಿದ್ದಾರೆ. ಕರ್ನಾಟಕದಲ್ಲಿ 1994ರಲ್ಲೇ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮ ಹಕ್ಕು ಕೊಡುವ ತಿದ್ದುಪಡಿ ಬಂತು. ಆಗ ಅದು ಮದುವೆಯಾಗದವರಿಗೆ ಮಾತ್ರ. 2005ರಲ್ಲಿ ಕೇಂದ್ರದ ತಿದ್ದುಪಡಿಯಿಂದ ಆ ಭೇದವೂ ಹೋಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ಇದು ಹುಟ್ಟಿನಿಂದಲೇ ಬರುವ ಹಕ್ಕು ಎಂದು ಸ್ಪಷ್ಟಪಡಿಸಿತು. ಪಾಲು ಮಗಳ ಹೆಸರಿನಲ್ಲಿರುತ್ತದೆ. ವರದಕ್ಷಿಣೆ ಯಾರ ಹೆಸರಿನಲ್ಲಿರುತ್ತದೆ? ಬೈಕು ಅವನ ಹೆಸರಿಗೆ, ಹಣ ಮಾವನ ಪೆಟ್ಟಿಗೆಗೆ. ಮಗಳಿಗೆ ಉಳಿಯುವುದು "ನಿಮ್ಮಪ್ಪ ಏನು ಕೊಟ್ಟ?" ಎಂಬ ಮಾತು.

ಫ್ರಾನ್ಸಿನ ಎಮಿಲ್ ದುರ್ಖೈಮ್ 1895ರಲ್ಲಿ ಒಂದು ದೊಡ್ಡ ಮಾತು ಹೇಳಿದ. ಇಂದು ಅಪರಾಧ ಎನ್ನಿಸಿಕೊಂಡ ನಡತೆ ಕೆಲವೊಮ್ಮೆ ನಾಳೆಯ ನೀತಿಯ ಮುನ್ಸೂಚನೆಯಾಗಿರುತ್ತದೆ ಎಂದು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆ ಮೇಲೆ ಸಗಣಿ ಎರಚಿದರು. ಇಂದು ಮಗಳನ್ನು ಶಾಲೆಗೆ ಕಳಿಸದವರೇ ದಾರಿ ತಪ್ಪಿದವರು. ದೆಹಲಿಯ ಸತ್ಯರಾಣಿ ಚಡ್ಡಾ ಅವರ ಮಗಳು 1979ರಲ್ಲಿ ಸುಟ್ಟು ಸತ್ತಳು. ಅನುಸರಿಸಿಕೊಂಡು ಹೋಗಲೊಪ್ಪದ ಆ ತಾಯಿ ಕೋರ್ಟು, ಬೀದಿ ಎರಡನ್ನೂ ಬಿಡಲಿಲ್ಲ. ಅಂಥ ಹೆಂಗಸರ ಹಟದಿಂದಲೇ 1983ರಲ್ಲಿ ಗಂಡನ ಮನೆಯವರ ಕ್ರೌರ್ಯ ಅಪರಾಧವಾಯಿತು. 1984 ಮತ್ತು 1986ರ ತಿದ್ದುಪಡಿಗಳಿಂದ ಮದುವೆಯ ನಂತರ ಕೇಳಿದ್ದೂ ವರದಕ್ಷಿಣೆಯೇ ಎಂದಾಯಿತು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಅಕ್ಷರ ಕಲಿಯುತ್ತಿದ್ದ ಬಡ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಲು ನಿಂತರು. ಕುಡಿತ ಗಂಡಸರ ಹಕ್ಕು ಎಂಬ ರೂಢಿಗೆ ಒಂದು ಹಳ್ಳಿಯ ಗುಂಪು ಬೆನ್ನು ತಿರುಗಿಸಿತು, ಕಿಡಿ ಆಂಧ್ರವೆಲ್ಲ ಹಬ್ಬಿತು. ನಮ್ಮ ರಾಜ್ಯದಲ್ಲಿ 2007ರ ಜುಲೈನಿಂದ ಸಾರಾಯಿ ನಿಂತಿತು. ಕುಡಿತ ಪೂರ್ತಿ ನಿಲ್ಲಲಿಲ್ಲ, ನಿಜ. ಆದರೆ ನಾಲ್ಕು ಜನ ಬದಲಾಗಬಲ್ಲರು ಎಂಬುದಕ್ಕೆ ಸಾಕ್ಷಿ ಸಿಕ್ಕಿತು.

ಮುಂದಿನ ಸಭೆಯಲ್ಲಿ ಏನು ಮಾಡಬಹುದು?

ಒಂದು, ಮದುವೆ ಸಾಲ ಕೇಳಿದಾಗ ಯಾವುದಕ್ಕೆ ಎಷ್ಟು ಎಂದು ಬರೆಸಿಕೊಳ್ಳಿ. ವರದಕ್ಷಿಣೆಗೆ ಸಂಘದ ಹಣವಿಲ್ಲ ಎಂಬ ಠರಾವನ್ನು ಊರಿನ ಎಲ್ಲ ಸಂಘಗಳೂ ಒಂದೇ ತಿಂಗಳಲ್ಲಿ ಮಾಡಿಕೊಳ್ಳಿ. ಗಂಡು ಹೆತ್ತ ಸದಸ್ಯೆಯರು ಮೊದಲು ಸಹಿ ಮಾಡಲಿ.

ಎರಡು, ಕೇಳದೆ ಪ್ರೀತಿಯಿಂದ ಕೊಟ್ಟ ಉಡುಗೊರೆಗಳಿಗೂ ಪಟ್ಟಿ ಮಾಡಿ. 1985ರ ನಿಯಮಗಳ ಪ್ರಕಾರ ಏನು ಕೊಟ್ಟರು, ಯಾರು ಕೊಟ್ಟರು, ಬೆಲೆ ಎಷ್ಟು ಎಂದು ಬರೆದು ವಧೂವರರು ಸಹಿ ಹಾಕಬೇಕು. ಹೆಣ್ಣಿಗೆ ಕೊಟ್ಟದ್ದು ಸ್ತ್ರೀಧನ. ಅದು ಪೂರ್ತಿ ಅವಳದ್ದೇ ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮೂರು, ಎರಡು ಸಭೆಗೆ ಬಾರದ ಸದಸ್ಯೆಯ ಮನೆಗೆ ಇಬ್ಬರು ಹೋಗಿ ಬನ್ನಿ. ಕಂತು ಕೇಳಲು ಅಲ್ಲ, ಅವಳನ್ನು ನೋಡಲು. ಅವಳು ಬಾಯಿ ಬಿಡದಿದ್ದರೂ ಪರವಾಗಿಲ್ಲ, ನಾವಿದ್ದೇವೆ ಎಂದು ಹೇಳಿ ಬನ್ನಿ. ಒಂಟಿ ಗೆರೆಗೆ ಒಂದು ಜೊತೆ ಸಾಕು ಎಂಬುದನ್ನು ಮರೆಯಬೇಡಿ.

ನಾಲ್ಕು, ಕಾನೂನನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಮಗೆ ಬಾಯಿಪಾಠವಾಗಿದ್ದ 498ಎ ಈಗ ಕಲಂ 85 ಮತ್ತು 86. ವರದಕ್ಷಿಣೆ ಸಾವಿನ 304ಬಿ ಈಗ ಕಲಂ 80. ನಂಬರು ಬದಲಾಗಿದೆ, ಅಪರಾಧ ಬದಲಾಗಿಲ್ಲ. ವರದಕ್ಷಿಣೆ ಕೊಡುವುದೂ ತಪ್ಪು ಎಂದು ಹೆದರಿಸುವವರಿದ್ದಾರೆ. ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರ ಮೇಲೆಯೇ ಆ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ ಎಂದು ಕಾಯ್ದೆಯಲ್ಲೇ ಇದೆ. 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಹೊಡೆತ ನಿಲ್ಲಿಸುವ ಆದೇಶ, ಅದೇ ಮನೆಯಲ್ಲಿ ಇರುವ ಹಕ್ಕು, ಖರ್ಚಿಗೆ ಹಣ, ಮಕ್ಕಳ ತಾತ್ಕಾಲಿಕ ಸುಪರ್ದಿ ಕೇಳಬಹುದು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಈ ಎರಡು ನಂಬರುಗಳನ್ನು ಪಾಸ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ.

ಐದು, ಬಜಾರಿ, ಗಯ್ಯಾಳಿ, ಗಂಡ ಬಿಟ್ಟವಳು ಎಂಬ ಮಾತುಗಳನ್ನು ಸಂಘದ ಚಾಪೆಯ ಮೇಲೆ ಆಡುವುದಿಲ್ಲ ಎಂದು ಗೊತ್ತು ಮಾಡಿಕೊಳ್ಳಿ. ಇದಕ್ಕೆ ಬ್ಯಾಂಕೂ ಬೇಡ, ಇಲಾಖೆಯ ಆದೇಶವೂ ಬೇಡ.

ಕಾನೂನು ಮಾಡಲು ನಮ್ಮ ಹಿಂದಿನವರು ಬೀದಿಗಿಳಿದರು. ಅದನ್ನು ರೂಢಿ ಮಾಡುವ ಕೆಲಸ ನಮಗೆ ಉಳಿದಿದೆ. 1961ರ ಕಾಯ್ದೆ ಇಷ್ಟು ವರ್ಷ ಕಾಗದದ ಮೇಲೆ ಕೂತಿದ್ದಕ್ಕೆ ಪೊಲೀಸರು, ಕೋರ್ಟುಗಳ ನಿಧಾನ ಒಂದು ಕಾರಣ. ಅದನ್ನು ಪಾಲಿಸಿದವರ ಬೆನ್ನಿಗೆ ನಾಲ್ಕು ಜನ ನಿಲ್ಲಲಿಲ್ಲ ಎಂಬುದು ಇನ್ನೊಂದು, ನನಗೆ ದೊಡ್ಡದಾಗಿ ಕಾಣುವ ಕಾರಣ. ವರದಕ್ಷಿಣೆ ಕೇಳಿದವನ ಮನೆಯ ಮದುವೆಗೆ ಸಂಘದಿಂದ ಯಾರೂ ಹೋಗದ ದಿನ, ಹೊಡೆಸಿಕೊಂಡವಳ ಮನೆಗೆ ಸಂಘವೆಲ್ಲ ಹೋಗುವ ದಿನ, "ನಾಲ್ಕು ಜನ ಏನಂತಾರೆ?" ಎಂದು ಹೆದರುವ ಸರದಿ ಹೊಡೆಯುವವನದ್ದಾಗುತ್ತದೆ. ನಿಮ್ಮ ಸಂಘದ ಠರಾವು ಏನಾಯಿತು, ಎಲ್ಲಿ ತೊಡಕಾಯಿತು, ಯಾರು ಮೊದಲು ಬಾಯಿ ಬಿಟ್ಟರು ಎಂಬುದನ್ನು ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯ ಪುಟಗಳು ನಿಮಗಾಗಿ ಖಾಲಿ ಇವೆ.

ನಿಮ್ಮ,
ಸಂಪಾದಕಿ